ಎಬ್ಬಿಸಲು ಮರೆತ ಸಾಲು

ಬೆಳಿಗ್ಗೆ ಬೆಟ್ಟ ಸಣ್ಣಗೆ ನಡುಗಿತು. ಮನಿಸಾಲೆಸ್ ಊರಿನ ನಮ್ಮ ಜ್ವಾಲಾಮುಖಿ ಕಾವಲು ಕಚೇರಿಯ ಸೈರನ್ ಮಾತ್ರ ಕೂಗಲಿಲ್ಲ. ಯಾರಿಗೂ ಏನೂ ಆಗಲಿಲ್ಲ, ನಿಜ. ಆದರೆ ಜ್ವಾಲಾಮುಖಿ ಕಾಯುವವರಿಗೆ ಅಷ್ಟು ಸಮಾಧಾನ ಸಾಲದು.

"ನಿಮ್ಮ ಪ್ರೋಗ್ರಾಮ್ ಗೊರಕೆ ಹೊಡೀತಿತ್ತಾ, ಇಂಜಿನಿಯರ್ರೇ?" ಎಂದರು ಮುಖ್ಯಸ್ಥ ದೋನ್ ಆನಿಬಲ್. "ನಾಳೆಯಿಂದ ನೀವು ಈ ಕೆಲಸಕ್ಕೆ ಬೇಡ."

ಸೈರನ್ ಕೂಗಿಸುವ ಪ್ರೋಗ್ರಾಮ್ ಆರ್ಬೆಯದು. ಅವನು ಪಕ್ಕದ ಮೇಜಿನ ನೊಹೇಲಿಯಾಳನ್ನು ಒಮ್ಮೆ ನೋಡಿ, ತಕ್ಷಣ ಕಣ್ಣು ತಗ್ಗಿಸಿದ. ಆ ನೋಟ ಅವಳನ್ನು ಸುಮ್ಮನೆ ಕೂರಲು ಬಿಡಲಿಲ್ಲ.

ನಡುಕ ಅಳೆಯುವ ಯಂತ್ರವನ್ನು ಕಂಪ್ಯೂಟರಿಗೆ ಬೆಸೆಯುವ ಡ್ರೈವರ್ ಎಂಬ ಕೋಡ್ ಬರೆದವಳು ಅವಳು. ಅದರ ವಾಸ ಕಂಪ್ಯೂಟರಿನ ಕರ್ನಲ್ ಎಂಬ ಒಳಮನೆಯಲ್ಲಿ; ಹೊರಗಿನವರಿಗೆ ಅಲ್ಲಿ ಪ್ರವೇಶವಿಲ್ಲ. ಆರ್ಬೆಯ ಪ್ರೋಗ್ರಾಮ್ ಹೊರಗಿನದು. "ಸುದ್ದಿ ಇದೆಯಾ?" ಎಂದು ಒಮ್ಮೆ ಕೇಳಿ ಅದು ಮಲಗುತ್ತದೆ. ಸುದ್ದಿ ಬಂದಾಗ ಎಬ್ಬಿಸುವುದು ಡ್ರೈವರ್‌ನ ಹೊಣೆ. ಅವಳು ತನ್ನ ಕೋಡ್ ತೆರೆದಳು. ನಡುಕದ ಸುದ್ದಿ ಒಳಗೆ ಸರಿಯಾಗಿಯೇ ತಲುಪಿತ್ತು. ಆದರೆ ಆರ್ಬೆಯ ಪ್ರೋಗ್ರಾಮನ್ನು ಎಬ್ಬಿಸುವ ಸಾಲನ್ನೇ ಅವಳು ಹೋದ ವಾರ ಕೋಡ್ ಒಪ್ಪ ಮಾಡುವಾಗ ಅಳಿಸಿಬಿಟ್ಟಿದ್ದಳು.

"ನಿಮಗೆ ಗೊತ್ತಿತ್ತು ಅಲ್ವಾ?" ಎಂದು ಅವನತ್ತ ತಿರುಗಿದಳು.

"ಬೆಳಿಗ್ಗೇನೇ ನೋಡಿದೆ," ಎಂದ ಆರ್ಬೆ.

"ಮತ್ತೆ ಬಾಯಿ ಬಿಡೋಕೆ ಏನಾಗಿತ್ತು ನಿಮಗೆ?"

"ಬಿಟ್ಟಿದ್ರೆ ನಿಮ್ಮನ್ನ ಕಳಿಸ್ತಿದ್ರು. ನೀವಿಲ್ದೆ ಇಲ್ಲಿ ಕೂರೋದು ನನ್ನ ಕೈಲಾಗಲ್ಲ."

ನಮ್ಮೂರಲ್ಲಿ ಪ್ರೇಮಿಗಳೂ ಬಹುವಚನ ಬಿಡುವುದಿಲ್ಲ. ಅವನ ಮಾತಿನಲ್ಲಿದ್ದದ್ದು ಮರ್ಯಾದೆಯೋ ಪ್ರೀತಿಯೋ ಎಂದು ಅವಳಿಗೆ ಇಷ್ಟು ದಿನ ತಿಳಿದಿರಲಿಲ್ಲ. ಈಗ ತಿಳಿಯಿತು.

ಆ ಸಾಲನ್ನು ಮತ್ತೆ ಬರೆದಳು. ಪರೀಕ್ಷೆಗೆಂದು ಕಚೇರಿಯಲ್ಲಿದ್ದ ಯಂತ್ರದ ಪಕ್ಕ ನೆಲಕ್ಕೆ ಹಿಮ್ಮಡಿ ಕುಟ್ಟಿದಳು. ಸೈರನ್ ಅರಚಿತು, ಆರ್ಬೆ ಬೆಚ್ಚಿಬಿದ್ದ. ಅವಳು ನೇರ ದೋನ್ ಆನಿಬಲ್ ಕೋಣೆಗೆ ಹೋಗಿ ಎಲ್ಲವನ್ನೂ ಹೇಳಿದಳು.

ಹಿಂದಿರುಗಿ ಬಂದವಳು ಚೀಲ ತುಂಬತೊಡಗಿದಳು. "ನೀವು ಇರಿ. ಹೋಗೋಳು ನಾನು."

"ಎಂಥ ಹಟಮಾರಿ ನೀವು!" ಆರ್ಬೆಯ ಕಣ್ಣು ಒದ್ದೆಯಾಗಿತ್ತು. ನಮ್ಮೂರಲ್ಲಿ ಚೀಸ್ ಹಾಕಿ ಕುಡಿಯುವ ಬಿಸಿ ಬೆಲ್ಲದ ನೀರಿನ ಲೋಟವನ್ನು ಅವಳತ್ತ ಸರಿಸಿದ. "ಚೀಸ್ ಹಾಕಿದ್ದೀನಿ. ಕುಡಿದಾದ್ರೂ ಹೋಗಿ."

ಅವಳು ನಿಂತೇ ಕುಡಿದಳು. ಲೋಟದ ಅಂಚಿನ ಮೇಲಿಂದ ಅವನನ್ನೇ ನೋಡಿದಳು.

"ಸಂಜೆ ಕೇಬಲ್ ಕಾರ್ ಹತ್ರ ಕಾಯ್ತೀರಾ?"

"ಕಾಯೋದೊಂದು ನನಗೆ ಚೆನ್ನಾಗಿ ಬರುತ್ತೆ. ಅಲ್ಲೇ ನಿದ್ದೆ ಬಂದ್ರೆ?"

"ನಾನೇ ಎಬ್ಬಿಸ್ತೀನಿ," ಎಂದಳು ನೊಹೇಲಿಯಾ. "ನಿಮ್ಮನ್ನ ಪ್ರೀತಿಸ್ತೀನಿ ಅಂತ ಹೇಳೋದಿದೆಯಲ್ಲ."