ಅತ್ತೆ ಬರುವ ಹೊತ್ತು

ಅತ್ತೆ ಮೆಟ್ಟಿಲ ಮೇಲೆ ಎಡವಿದ್ದನ್ನು ನೋಡಿ ಸೊಸೆ ಕೈಯಲ್ಲಿದ್ದ ಹಾಲಿನ ಪಾತ್ರೆಯನ್ನು ಅಲ್ಲೇ ಬೀಳಬಿಟ್ಟು ಓಡಿ ಬಂದಳು. ಬಂದು ತೋಳು ಹಿಡಿದಳು, ಅಷ್ಟೇ. ಅಷ್ಟಕ್ಕೇ ಅತ್ತೆ ಕೆಂಡಾಮಂಡಲವಾದರು. ತೋಳು ಕೊಡವಿಕೊಂಡು, ಪಕ್ಕದ ಮನೆಯವರಿಗೂ ಕೇಳುವ ಹಾಗೆ, "ಹಿಡೀಬೇಕಾದವರನ್ನ ಹಿಡೀಬೇಕಾದ ದಿನ ಹಿಡೀಲಿಲ್ಲ. ಈಗ ನನ್ನನ್ನ ಹಿಡಿಯೋಕೆ ಬಂದ್ಲು" ಅಂದರು. ಹಾಲು ನೆಲದ ತುಂಬ ಹರಿಯಿತು. ಗಂಡನಾದವನು ಏನು ಮಾಡಿದ ಅಂತೀರಿ? ಷೂಗೆ ಲೇಸು ಕಟ್ಟುವ ಘನಕಾರ್ಯದಲ್ಲಿ ತಲೆ ಎತ್ತಲೂ ಪುರಸೊತ್ತಿಲ್ಲದೆ ಮುಳುಗಿಹೋಗಿದ್ದ. ಸೊಸೆ ಬಟ್ಟೆ ತಂದು ನೆಲ ಒರೆಸಿದಳು.

ಅವಳು ಡಾಕ್ಟರು. ಎರಡು ಬೀದಿ ಆಚೆ, ಔಷಧಿ ಅಂಗಡಿಯ ಮಹಡಿಯ ಮೇಲೆ ಅವಳ ಕ್ಲಿನಿಕ್ಕು. ಹೃದಯ ಒಬ್ಬರಿಗೆ, ಕಣ್ಣು ಇನ್ನೊಬ್ಬರಿಗೆ, ಮೂಳೆ ಮತ್ತೊಬ್ಬರಿಗೆ ಎಂದು ದೇಹವನ್ನು ಪಾಲು ಹಂಚಿಕೊಂಡ ಡಾಕ್ಟರುಗಳ ಪೈಕಿ ಅಲ್ಲ, ಜನರಲ್ ಫಿಜಿಶಿಯನ್. ಬಿ.ಪಿ., ಸಕ್ಕರೆ ಕಾಯಿಲೆ, ಥೈರಾಯ್ಡು, ಬಿಡದ ಕೆಮ್ಮು, ಬಾರದ ನಿದ್ದೆ, ಎಲ್ಲವೂ ಮೊದಲು ಅವಳ ಬಾಗಿಲಿಗೇ ಬರಬೇಕು. ಬೀದಿಯವರು ಡಾಕ್ಟರಮ್ಮ, ಡಾಕ್ಟರಮ್ಮ ಎಂದು ತಲೆಯ ಮೇಲೆ ಹೊತ್ತು ಮೆರೆಸಿದರೆ, ಅತ್ತೆ ಮಾತ್ರ 'ಏನೂ ಅಲ್ಲದ ಡಾಕ್ಟರು' ಎಂದು ಮೂಗು ಮುರಿಯುತ್ತಿದ್ದರು. ಸೊಸೆಗೆ ನಾಲಿಗೆ ಚಾಚಿ ತೋರಿಸುವುದುಂಟೇ? ಪ್ರಾಣ ಹೋದರೂ ಇಲ್ಲ. ಯಾವ ಕಾಲದ್ದೋ ಒಂದು ಚೀಟಿ ಹಿಡಿದು ಅಂಗಡಿಗೆ ಹೋಗಿ, ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಅದೇ ಮಾತ್ರೆ, ಹೊಟ್ಟೆ ಉರಿಗೆ ದಿನಾ ಇನ್ನೊಂದು ಮಾತ್ರೆ, ತಾವೇ ತಂದು ತಾವೇ ನುಂಗುತ್ತಿದ್ದರು.

ಇದಕ್ಕೆಲ್ಲ ಮೂಲ, ಮಾವ ತೀರಿಹೋದ ದಿನ. ಆ ದಿನ ಮನೆಯಲ್ಲಿದ್ದವರು ಅತ್ತೆ ಮಾವ ಇಬ್ಬರೇ. ಮಾವನಿಗೆ ಎದೆ ಉರಿ ಶುರುವಾಯಿತು, ಸೊಸೆಗೆ ಫೋನ್ ಮಾಡಿದೆ, ಬರಲಿಲ್ಲ, ಇದು ಅತ್ತೆ ಬಂದವರಿಗೆಲ್ಲ ಹೇಳಿದ ಮಾತು. ನನಗೆ ಫೋನೇ ಬಂದಿಲ್ಲ ಎಂದು ಅವಳು ಬೇಡಿಕೊಂಡಳು, ಅತ್ತಳು. ಗಂಡ ಒಳ್ಳೆಯವನೇ, ಆದರೆ ಅವನ ಒಳ್ಳೆಯತನ ಎಂಥದ್ದೆಂದರೆ, ಆಗಿದ್ದು ಆಗಿಹೋಯಿತು, ಬಿಡು ಎಂದುಬಿಟ್ಟ. ಆ 'ಬಿಡು' ಇದೆಯಲ್ಲ, ಅದು ಅತ್ತೆಯ ಬೈಗುಳಕ್ಕಿಂತ ಆಳಕ್ಕೆ ಇಳಿಯಿತು. ಮಾಡದ ತಪ್ಪಿಗೆ ಕ್ಷಮೆ! ವರ್ಷ ಕಳೆದ ಹಾಗೆ ಅವಳಿಗೇ ಅನುಮಾನ ಹತ್ತಿತು. ಕ್ಲಿನಿಕ್ಕಿನ ಹಳೆಯ ಫೋನು ರಿಂಗಾಗಿತ್ತೇನೋ, ತೋರಿಸಲು ಬಂದ ಮಕ್ಕಳ ಅಳುವಿನಲ್ಲಿ ನನಗೇ ಕೇಳಿಸಲಿಲ್ಲವೇನೋ... ಈಗಲೂ ದಿನದ ಕೆಲಸ ಮುಗಿದ ಮೇಲೆ ಕ್ಲಿನಿಕ್ಕಿನ ಸಿಸ್ಟರನ್ನು ಕರೆದು, ಯಾರಾದರೂ ಕರೆದಿದ್ದರಾ ಎಂದು ಒಂದು ಸಲ ಕೇಳದೆ ಏಳುತ್ತಿರಲಿಲ್ಲ. ಕರೆದವರನ್ನೆಲ್ಲ ಒಳಗೆ ಕಳಿಸಿದ್ದೀನಿ ಮೇಡಂ, ಕರೆಯದವರನ್ನೂ ಕಳಿಸಿದ್ದೀನಿ ಎಂದು ಸಿಸ್ಟರ್ ನಗುತ್ತಿದ್ದಳು. ಪಾಪ, ಅವಳು ಹೊಸಬಳು, ಕೆಲಸಕ್ಕೆ ಸೇರಿ ವರ್ಷವೂ ಆಗಿರಲಿಲ್ಲ.

ಮಧ್ಯಾಹ್ನ ಕೊನೆಯ ರೋಗಿ ಹೋದ ಮೇಲೆ ಆ ಕೋಣೆಗೆ ಒಂದು ಥರದ ಮಂಪರು ಕವಿಯುತ್ತಿತ್ತು. ಕಿಟಕಿಯ ಹಸಿರು ಪರದೆ ಬಿಸಿಲನ್ನು ಸೋಸಿ, ಗೋಡೆ, ಮೇಜು, ತೂಕದ ಯಂತ್ರ ಎಲ್ಲವೂ ನೀರಿನೊಳಗಿದ್ದ ಹಾಗೆ ಕಾಣುತ್ತಿದ್ದವು. ಫ್ಯಾನು ತನ್ನಷ್ಟಕ್ಕೆ ತಾನು ಗುನುಗುತ್ತಿತ್ತು. ಕೆಮ್ಮಿನ ಕಾಲವಾದ್ದರಿಂದ ಮಾಸ್ಕನ್ನೂ ತೆಗೆಯದೆ ಅವಳು ಕುರ್ಚಿಗೊರಗಿ ಕಣ್ಣು ಮುಚ್ಚುತ್ತಿದ್ದಳು. ಆ ಜೋಂಪಿನಲ್ಲಿ ಒಮ್ಮೊಮ್ಮೆ ಯಾರೋ ಪಕ್ಕದಲ್ಲೇ ಕೂತು ಮೆಲ್ಲಗೆ ಮಾತಾಡಿದ ಹಾಗಾಗುತ್ತಿತ್ತು. ತಾಯಿಯ ದನಿ ಕೂಡ ನೆನಪಿಲ್ಲದೆ ಬೆಳೆದವಳು ಅವಳು.

ಹಾಲು ಚೆಲ್ಲಿದ ವಾರವೇ ಅಂಥದೊಂದು ಮಧ್ಯಾಹ್ನ ಸಿಸ್ಟರ್ ಇಣುಕಿ, ಇನ್ನೊಬ್ಬರು ಬಂದಿದ್ದಾರೆ, ಟೋಕನ್ ಕೊಟ್ಟರೆ ನಾನೇನು ಸಿನಿಮಾ ನೋಡಲು ಬಂದಿದ್ದೀನಾ ಎಂದು ಜೋರು ಮಾಡುತ್ತಾರೆ ಎಂದಳು. ಕಣ್ಣು ತೆರೆದರೆ ಎದುರಿಗೆ ಅತ್ತೆ! ಡಾಕ್ಟರಮ್ಮ ನೆಟ್ಟಗೆ ಕೂತಳು. ಒಂದು ದಿನವೂ ಈ ಮೆಟ್ಟಿಲು ಹತ್ತದವರು, ಇಲ್ಲಿಗೂ ಮಾನ ಕಳೆಯಲು ಬಂದರೇ? ಆದರೆ ಅತ್ತೆ ಹೆಗಲ ಶಾಲು ಸರಿಮಾಡಿಕೊಂಡು, ರೋಗಿಯ ಸ್ಟೂಲಿನ ಮೇಲೆ ಅಂಜುತ್ತಂಜುತ್ತ ಕೂತು, ಕಾಲು ಜೋಮು ಹಿಡಿದಿದೆ ಡಾಕ್ಟ್ರೇ, ನೆಲಕ್ಕೆ ಕಾಲು ತಾಗಿದ್ದೇ ಗೊತ್ತಾಗಲ್ಲ ಎಂದರು. ವ್ಯಂಗ್ಯ ಇರಬೇಕು ಅಂದುಕೊಂಡಳು ಅವಳು. ಬಾಯಿ ಮಾತ್ರ ತನ್ನ ಅಭ್ಯಾಸದಂತೆ, ಎಷ್ಟು ದಿನದಿಂದ ಅಮ್ಮ ಎಂದು ಕೇಳಿಬಿಟ್ಟಿತ್ತು. ನಾಡಿ ಹಿಡಿದ ಕೈಯನ್ನು ಅತ್ತೆ ಕೊಡವಲಿಲ್ಲ. ಅದರ ಮೇಲೆ ತಮ್ಮ ಇನ್ನೊಂದು ಕೈ ಇಟ್ಟರು.

"ನಿಂಗೆ ಅತ್ತೆ ಇದಾರಾ ಮಗಳೇ?"

"ಇದಾರೆ."

"ಪುಣ್ಯ ಮಾಡಿದಾರೆ ಬಿಡು. ಇಂಥ ಕೈ ಮನೇಲಿದ್ರೆ ಇನ್ನೇನು ಬೇಕು."

ದನಿಯಲ್ಲಿ ಒಂದು ಚೂರೂ ಮುಳ್ಳಿರಲಿಲ್ಲ. ಡಾಕ್ಟರಮ್ಮ ಆ ಕಣ್ಣುಗಳನ್ನು ದಿಟ್ಟಿಸಿದಳು. ಅಲ್ಲಿ ಗುರುತು ಅನ್ನುವುದೇ ಇರಲಿಲ್ಲ. ಮನೆ ಎಲ್ಲಿ ಎಂದು ಕೇಳಿದರೆ ಅತ್ತೆ ಮದುವೆಯಾದ ಹೊಸತರಲ್ಲಿದ್ದ ಮನೆಯ ದಾರಿ ಹೇಳಿದರು. ಬೇಗ ನೋಡಿ ಕಳಿಸು, ಮಗ ಸ್ಕೂಲಿಂದ ಬರೋ ಹೊತ್ತಾಯ್ತು ಎಂದರು. ಆಗ ಅವಳಿಗೆ ಎಲ್ಲ ಹೊಳೆಯಿತು. ತಿಂಗಳುಗಳಿಂದ ಒಲೆ ಆರಿಸುವುದು ಮರೆತದ್ದು, ಕೇಳಿದ್ದನ್ನೇ ಕೇಳಿದ್ದು, ಮೆಟ್ಟಿಲಲ್ಲಿ ಎಡವಿದ್ದು... ಮನೆಯವರೆಲ್ಲ ಅದನ್ನು ವಯಸ್ಸು, ಸಿಟ್ಟು ಎಂದುಕೊಂಡಿದ್ದರು. ಊರಿಗೆಲ್ಲ ಕಾಯಿಲೆ ಕಂಡುಹಿಡಿಯುವ ಸೊಸೆಯನ್ನು ಹತ್ತಿರ ಬಿಟ್ಟುಕೊಂಡಿದ್ದರೆ ತಾನೇ ಅವಳಿಗೆ ತಿಳಿಯುವುದು?

ಅವಳು ಕೆಲಸಕ್ಕೆ ತೊಡಗಿದಳು. ನಾಲಿಗೆ ಚಾಚಲು ಹೇಳಿದಳು; ಕೆಂಪಗೆ, ನುಣ್ಣಗೆ ಇತ್ತು. ತಟ್ಟಿದರೆ ಗುಂಯ್ ಎನ್ನುವ ಉಕ್ಕಿನ ಕವಲನ್ನು ಕಾಲಿನ ಹೆಬ್ಬೆರಳ ಮೂಳೆಗೆ ಆನಿಸಿ, ನಡುಕ ಗೊತ್ತಾಗುತ್ತಾ ಎಂದರೆ ಅತ್ತೆ ಮಗುವಿನಂತೆ ಅತ್ತಿತ್ತ ತಲೆಯಾಡಿಸಿದರು. ಪಾದ ಜೋಡಿಸಿ, ಕಣ್ಣು ಮುಚ್ಚಿ ನಿಲ್ಲಿಸಿದಾಗ ಓಲಾಡಿ ಅವಳ ಮೇಲೇ ಒರಗಿದರು. ಅವಳು ಹಿಡಿದುಕೊಂಡಳು. ಬೇಕಾದ್ದಕ್ಕಿಂತ ಒಂದು ಕ್ಷಣ ಹೆಚ್ಚೇ ಹಿಡಿದುಕೊಂಡಳು ಅನ್ನಿ. ಸಿಸ್ಟರ್ ರಕ್ತ ತೆಗೆದಳು. ಆ ದಿನ ಡಾಕ್ಟರಮ್ಮ ಸ್ವಲ್ಪ ದೂರದಲ್ಲೇ ಹಿಂಬಾಲಿಸಿ ಅತ್ತೆಯನ್ನು ಮನೆ ಮುಟ್ಟಿಸಿದಳು. ಸಂಜೆ ಮನೆಯಲ್ಲಿ ಅದೇ ಅತ್ತೆ, ಬಾಗಿಲು ಹಾಕಿದ ಸದ್ದು ಜಾಸ್ತಿಯಾಯಿತೆಂದು ಅವಳನ್ನು ಬಾಯಿಗೆ ಬಂದ ಹಾಗೆ ಬೈದರು. ಮನೆಯ ಬೆಳಕಿನಲ್ಲಿ ಅವಳ ಗುರುತು ಚೆನ್ನಾಗಿಯೇ ಇತ್ತು.

ರಿಪೋರ್ಟ್ ಬಂತು. ಅವಳು ಊಹಿಸಿದ್ದೇ. ವರ್ಷಗಟ್ಟಲೆ ಯಾರನ್ನೂ ಕೇಳದೆ ನುಂಗಿದ ಆ ಎರಡು ಮಾತ್ರೆ ಸೇರಿ ದೇಹದಲ್ಲಿ ಬಿ-ಟ್ವೆಲ್ವ್ ಎಂಬ ವಿಟಮಿನ್ನು ಬತ್ತಿಹೋಗಿತ್ತು. ನರ, ನೆನಪು ಎರಡೂ ಸೊರಗಿದ್ದವು. ಇಂಜೆಕ್ಷನ್ ಶುರು ಮಾಡಿದರೆ ಮಂಕು ಕರಗಿ ಮನುಷ್ಯ ಮೊದಲಿನಂತಾಗಬಹುದು. ಬಿಟ್ಟರೆ ಹೋದದ್ದು ಹೋದಂತೆಯೇ.

ಅಂದು ಮಧ್ಯಾಹ್ನ ಅತ್ತೆ ತಾವಾಗಿಯೇ ಬಂದು ಅದೇ ಸ್ಟೂಲಿನ ಮೇಲೆ ಕೂತರು. ಸಿಸ್ಟರ್ ಪರದೆಯಾಚೆ ಇಂಜೆಕ್ಷನ್ ಸಿದ್ಧ ಮಾಡುತ್ತಿದ್ದಳು. ಹಸಿರು ಬೆಳಕಿನಲ್ಲಿ ಅತ್ತೆ ಕನಸಿನಲ್ಲಿ ಮಾತಾಡುವವರ ಹಾಗೆ ಶುರುಮಾಡಿದರು. ನಮ್ಮ ಮನೆಯಲ್ಲೂ ಒಬ್ಬಳು ಡಾಕ್ಟರ್ ಇದ್ದಾಳೆ, ಆದರೆ ಅವಳ ಮುಖ ನೋಡೋಕಾಗಲ್ಲ ಎಂದರು. ಯಾಕಮ್ಮ ಎಂದು ಕೇಳಿದಳು ಡಾಕ್ಟರಮ್ಮ.

"ನಮ್ಮನೆಯವರು ಎದೆ ಉರಿ ಅಂದ್ರು. ಸೊಸೆಗೆ ಫೋನ್ ಮಾಡು ಅಂದ್ರು. ನಾನೇ ಮಾಡ್ಲಿಲ್ಲ ಮಗಳೇ... ಅವಳ ಮುಂದೆ ನಾವು ಕೈ ಚಾಚೋದಾ ಅಂತ. ನೀರು ಕುಡಿದು ಮಲಗಿ ಅಂದೆ. ಅವರು ನನ್ನ ಮಾತು ಯಾವತ್ತೂ ಮೀರಿದವರಲ್ಲ. ಮಲಗಿದ್ರು."

ಹಾಗಾದರೆ ಫೋನು ಬಂದಿರಲಿಲ್ಲ! ಮಕ್ಕಳ ಅಳುವಿನಲ್ಲಿ ಕಳೆದುಹೋಗಿರಲಿಲ್ಲ! ಇಷ್ಟು ವರ್ಷ ಎದೆಯ ಮೇಲೆ ಹೊತ್ತ ಬಂಡೆಯನ್ನು ಇಟ್ಟವರೇ ಬಂದು ಎತ್ತಿದ್ದರು, ಯಾರ ಎದೆ ಎಂದೂ ಗೊತ್ತಿಲ್ಲದೆ. ಸಿಟ್ಟು ಬರಬೇಕಿತ್ತು. ಬಂತು ಕೂಡ. ಆದರೆ ಅತ್ತೆ ಅವಳ ಅಂಗೈಯಲ್ಲಿ ಮುಖ ಹುದುಗಿಸಿ ಬಿಕ್ಕುತ್ತಿದ್ದರು, ಆ ಸಿಟ್ಟನ್ನು ಎಲ್ಲಿ ಇಡಬೇಕೆಂದೇ ತಿಳಿಯಲಿಲ್ಲ. ಆಗಲೇ ಸಿಸ್ಟರ್ ಟ್ರೇ ಹಿಡಿದು ಬಂದು, ಕೊಡಲಾ ಮೇಡಂ ಎಂದಳು.

ಇಲ್ಲಿ ಸುಳ್ಳು ಹೇಳಬಾರದು. ಡಾಕ್ಟರಮ್ಮ ತಡೆದಳು. ಈ ಸೂಜಿ ಇಳಿದರೆ ಮಗಳೇ ಎನ್ನುವ ಈ ಅಮ್ಮ ಹೊರಟುಹೋಗುತ್ತಾರೆ. ಮುಸುಕು ಹರಿದ ದಿನ ಎದುರಿಗೆ ಕೂರುವವರು ಅತ್ತೆ. ನಿಜವನ್ನು ಮತ್ತೆ ಒಳಗೆ ಹೂತು, ನೀನು ಬರಲಿಲ್ಲ ಎಂದು ಮತ್ತೆ ಜಗಜ್ಜಾಹೀರು ಮಾಡುವವರು. ಇನ್ನೊಂದು ವಾರ, ಬರೀ ಒಂದು ವಾರ ಈ ಮಧ್ಯಾಹ್ನಗಳು ಹೀಗೇ ಇದ್ದರೆ ಯಾರಿಗೇನು ನಷ್ಟ... ಹಾಗೆ ಅಂದುಕೊಂಡವಳಿಗೆ ತನ್ನ ಮೇಲೇ ಹೇಸಿಗೆಯಾಯಿತು. ತಡಮಾಡಿದರೆ ಸತ್ತ ನರ ಮತ್ತೆ ಚಿಗುರುವುದಿಲ್ಲವೆಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅತ್ತೆಯ ತಲೆಯನ್ನು ಮೆಲ್ಲಗೆ ಎತ್ತಿ, ತೋಳು ಸಡಿಲ ಬಿಡಿ ಅಮ್ಮ, ಇರುವೆ ಕಚ್ಚಿದ ಹಾಗಾಗುತ್ತೆ, ಅಷ್ಟೇ ಎಂದಳು. ಸಿಸ್ಟರಿಗೆ ಕೊಡು ಎಂದು ಕಣ್ಣಲ್ಲೇ ಹೇಳಿದಳು.

ಆ ಸಂಜೆ ಗಂಡನಿಗೆ ಕಾಯಿಲೆಯ ವಿಷಯ ಬಿಡಿಸಿ ಹೇಳಿದಳು. ಅವನು ಬೆಚ್ಚಿದ. ಅಮ್ಮ ನಿನ್ನ ಹತ್ತಿರ ತಾವಾಗಿ ಬಂದರಾ, ಏನೆಂದರು ಎಂದು ಮತ್ತೆ ಮತ್ತೆ ಕೇಳಿದ. ಮಾತು ನಾಲಿಗೆಯ ತುದಿಗೆ ಬಂದಿತ್ತು. ಒಂದೇ ಒಂದು ಮಾತು, ಈ ಮನೆಯಲ್ಲಿ ತಲೆ ಎತ್ತಿ ಓಡಾಡಬಹುದಿತ್ತು. ಆದರೆ ಆ ಕೋಣೆಯಲ್ಲಿ ರೋಗಿ ಆಡಿದ ಮಾತು ಡಾಕ್ಟರಿಗೆ ಸೇರಿದ್ದು, ಸೊಸೆಗಲ್ಲ. ಕಾಲು ಜೋಮು ಎಂದರು, ಅಷ್ಟೇ ಎಂದು ಒಳಗೆ ಹೋದಳು.

ದಿನ ಬಿಟ್ಟು ದಿನ ಇಂಜೆಕ್ಷನ್ ಇಳಿಯಿತು, ಆ ಹಳೆಯ ಮಾತ್ರೆಗಳು ಬದಲಾದವು. ಅತ್ತೆಯ ನಡಿಗೆ ಗಟ್ಟಿಯಾದಂತೆ ಮಾತು ಕಡಿಮೆಯಾಯಿತು. ಕ್ಲಿನಿಕ್ಕಿನಲ್ಲಿ ಕೂತಾಗ ಸುತ್ತ ನೋಡುವುದು, ಏನನ್ನೋ ಹೊಂದಿಸಿಕೊಳ್ಳುವ ಹಾಗೆ ಹುಬ್ಬು ಗಂಟಿಕ್ಕುವುದು. ಕೊನೆಗೊಂದು ಮಧ್ಯಾಹ್ನ ಮಾಸ್ಕಿನ ಮೇಲಿನ ಕಣ್ಣುಗಳನ್ನೇ ನೋಡುತ್ತಿದ್ದವರು ಕೈ ಹಿಂದಕ್ಕೆ ಎಳೆದುಕೊಂಡರು.

"ನೀನಾ?"

ಅಷ್ಟೇ. ಎದ್ದು ಹೋದರು. ಕಾಯಿಲೆ ವಾಸಿಯಾದ ಸಂತೋಷಕ್ಕೋ, ಅಮ್ಮ ಹೋದ ದುಃಖಕ್ಕೋ ಗೊತ್ತಿಲ್ಲ, ಡಾಕ್ಟರಮ್ಮ ಅಂದು ಮೇಜಿಗೆ ತಲೆಯಿಟ್ಟು ಅತ್ತಳು. ಉಳಿದ ಇಂಜೆಕ್ಷನ್ನುಗಳನ್ನು ಸಿಸ್ಟರೇ ಮನೆಗೆ ಬಂದು ಕೊಟ್ಟಳು. ಮನೆಯಲ್ಲಿ ಅತ್ತೆ ಬೈಯುವುದನ್ನೂ ಬಿಟ್ಟಿದ್ದರು. ಆ ಮೌನ ಇನ್ನೂ ಹೆದರಿಕೆ ಹುಟ್ಟಿಸುವಂತಿತ್ತು. ಒಂದು ಸಲ ಮಾತ್ರ ಅಡುಗೆಮನೆಯ ಬಾಗಿಲಲ್ಲಿ ನಿಂತು, ಗೋಡೆಯ ಕಡೆ ನೋಡುತ್ತ, ನಾನು ಅಲ್ಲಿ ಏನಾದ್ರೂ ಮಾತಾಡಿದ್ನಾ ಎಂದು ಕೇಳಿದರು. ಸೊಸೆ ಪಾತ್ರೆ ಉಜ್ಜುತ್ತಲೇ, ಜೋಮಿನ ವಿಷಯ ಹೇಳಿದ್ರಿ ಅತ್ತೆ, ಬೇರೇನಿಲ್ಲ ಎಂದಳು.

ಮರುದಿನ, ಕ್ಲಿನಿಕ್ಕಿನಲ್ಲಿ ಜನ ಕಿಕ್ಕಿರಿದಿದ್ದ ಬೆಳಗಿನ ಹೊತ್ತಿನಲ್ಲೇ, ಅತ್ತೆ ಮಗನನ್ನು ಹಿಂದಿಟ್ಟುಕೊಂಡು ಮೆಟ್ಟಿಲು ಹತ್ತಿ ಬಂದರು. ಸರದಿ ಬರುವ ತನಕ ಬೆಂಚಿನ ಮೇಲೆ ಕಾದರು. ಒಳಗೆ ಬಂದವರು ಮಗನನ್ನು ಗೋಡೆ ಪಕ್ಕ ನಿಲ್ಲಿಸಿ, ತಾವು ಕೂತು, ಸೊಸೆಯ ಕಡೆ ಕೈ ತೋರಿದರು.

"ಆ ಮಾಸ್ಕ್ ತೆಗಿ. ಈ ಸಲ ಯಾರ ಹತ್ರ ಮಾತಾಡ್ತಿದೀನಿ ಅಂತ ನೋಡ್ಕೊಂಡೇ ಮಾತಾಡ್ಬೇಕು."

ಅವಳು ತೆಗೆದಳು.

"ಎಲ್ಲ ಕನಸಿನಲ್ಲಿ ಆದ ಹಾಗಿದೆ, ಆದ್ರೆ ಹೇಳಿದ್ದು ನೆನಪಿದೆ. ಜೋಮು ಅಂದ್ರಿ ಅಂದ್ಯಲ್ಲ, ಸುಳ್ಳು ಹೇಳೋಕೂ ಬರಲ್ಲ ನಿಂಗೆ." ಅತ್ತೆ ಮಗನ ಕಡೆ ತಿರುಗಿದರು. "ಕೇಳ್ಸ್ಕೋ. ನಿಮ್ಮಪ್ಪ ಇವಳನ್ನ ಕರಿ ಅಂದ್ರು. ನಾನು ಕರೀಲಿಲ್ಲ. ಇವಳು ಬರಲಿಲ್ಲ ಅಂತ ಹೇಳ್ಕೊಂಡು ಬಂದೆ. ನಿಮ್ಮಪ್ಪನ್ನ ಕಳ್ಕೊಂಡಿದ್ದು ನನ್ನಿಂದ."

ಮಗ ಗೋಡೆಗೆ ಒರಗಿದ. ಅಮ್ಮಾ ಎಂದವನು ಹೆಂಡತಿಯ ಕಡೆ ನೋಡಿದ. ಇಷ್ಟು ವರ್ಷ ತಾನು ದೊಡ್ಡ ಮನಸ್ಸು ಮಾಡಿ ಹೇಳುತ್ತಿದ್ದ 'ಬಿಡು' ಎಂಥ ಮಾತೆಂದು ಅವನಿಗೆ ಈಗ ಅರ್ಥವಾಗಿರಬೇಕು. ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಡಾಕ್ಟರಮ್ಮನ ಕಣ್ಣಿನಿಂದ ನೀರು ಧಾರೆಧಾರೆಯಾಗಿ ಇಳಿಯುತ್ತಿತ್ತು. ಒಂದೇ ಒಂದು ಸಲ ಮಗಳೇ ಎನ್ನಿ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ.

"ನನ್ನ ಬಾಯಿ ನಾಳೆಯಿಂದ ಜೇನು ಸುರಿಸತ್ತೆ ಅಂತ ಕಾಯ್ಬೇಡ" ಎಂದರು ಅತ್ತೆ.

"ಇಲ್ಲ ಅತ್ತೆ."

"ಕಣ್ಣೊರಸ್ಕೋ. ಡಾಕ್ಟರೇ ಅಳ್ತಾ ಕೂತ್ರೆ ಹೊರಗಿರೋರು ಗಾಬರಿ ಬೀಳ್ತಾರೆ."

ಅತ್ತೆ ಎದ್ದು ಶಾಲು ಹೊದ್ದುಕೊಂಡು ಪರದೆ ಸರಿಸಿ ಹೊರಗೆ ನಡೆದರು. ಬೆಂಚಿನ ಮೇಲೆ ಕೂತವರಲ್ಲಿ ಯಾರೋ ಹೊಸಬರು, ಈ ಡಾಕ್ಟರು ಹೇಗೆ ಅಂತ ಕೇಳಿರಬೇಕು. ಪಕ್ಕದ ಮನೆಯವರಿಗೂ ಕೇಳುವಂಥ ಆ ದನಿ ಒಳಗೆ ಕೂತವಳಿಗೂ ಸ್ಪಷ್ಟವಾಗಿ ಕೇಳಿಸಿತು.

"ಚೆನ್ನಾಗಿ ನೋಡ್ತಾಳೆ. ನನ್ನ ಸೊಸೆ."