ಮೂರನೇ ಮಹಡಿಯಲ್ಲಿ ನಿಲ್ಲದ ಲಿಫ್ಟು

ಲಿಫ್ಟಿನ ಬಾಗಿಲು ಒಂದು ಅಂಗೈಯಷ್ಟು ತೆರೆದುಕೊಂಡಿತು. ಸಂದಿನಲ್ಲಿ ಮೊದಲು ಕಂಡಿದ್ದು ಟಾರ್ಚು, ಆಮೇಲೆ ಗ್ರೀಸ್ ಮೆತ್ತಿದ ಕೈ, ಕೊನೆಗೆ ಎರಡು ಕಣ್ಣು.

“ಹೆದರಬೇಡಿ ಮೇಡಂ. ನಿಮಗೇನೂ ಆಗಿಲ್ಲ ತಾನೆ?”

“ನನಗೇನಾಗಿದೆ? ಈ ಫೈಲುಗಳಿಗೆ ತಡ ಆಗ್ತಿದೆ,” ಎಂದಳು ಒಳಗೆ ಸಿಕ್ಕಿಕೊಂಡಿದ್ದವಳು, ಎದೆಗವುಚಿಕೊಂಡ ಕಟ್ಟನ್ನು ಬಿಡದೆ.

ಆ ಕಣ್ಣುಗಳು ನಕ್ಕವು. ಅವಳಿಗೆ ಒಳಗೇನೋ ಝಲ್ಲೆಂದಿತು... ಲಿಫ್ಟು ಅಲುಗಿರಬೇಕು ಎಂದುಕೊಂಡಳು. ಲಿಫ್ಟು ಅಲುಗಿರಲೇ ಇಲ್ಲ.

ಫೈಲುಗಳನ್ನು ಓಡಿಸುವ ವೇಗಕ್ಕೆ ಅವಳನ್ನು ಆಫೀಸಿನಲ್ಲಿ ಎಲ್ಲರೂ ಎಕ್ಸ್‌ಪ್ರೆಸ್ ಎಂದೇ ಕರೆಯುತ್ತಿದ್ದರು. ಆಫೀಸೆಂದರೆ ವೀಸಾ ಆಫೀಸು. ಹೊರದೇಶಕ್ಕೆ ದುಡಿಯಲು ಹೋಗುವ ವೆಲ್ಡರು, ನರ್ಸು, ಬಡಗಿಗಳ ಅರ್ಜಿಗಳು ಮೊದಲು ಊರೂರಿನ ಸಣ್ಣ ಕಚೇರಿಗಳಲ್ಲಿ ಗೊರಕೆ ಹೊಡೆಯುತ್ತಿದ್ದವು. ಅರ್ಜಿ ಹಾಕಿದ ಬಡಗಿ ತಾತನಾಗುವ ಹೊತ್ತಿಗೆ ವೀಸಾ ಬರುತ್ತಿತ್ತು. ಈಗ ಇಡೀ ಪ್ರಾಂತ್ಯದ ಅರ್ಜಿಗಳೆಲ್ಲ ಈ ಒಂದೇ ಕಟ್ಟಡಕ್ಕೆ ಬರಬೇಕು, ವಾರದೊಳಗೆ ತೀರ್ಮಾನವಾಗಬೇಕು ಎಂದು ಹೊಸ ಏರ್ಪಾಡಾಗಿತ್ತು. ಜನ ಹೆಚ್ಚಿದರು, ಪಾಪ, ಲಿಫ್ಟು ಸುಸ್ತಾಯಿತು.

ಟಾರ್ಚು ಹಿಡಿದು ಬಂದಿದ್ದ ಮೆಕ್ಯಾನಿಕ್ ಅದನ್ನು ರಿಪೇರಿ ಮಾಡಿದ. ಆದರೆ ಒಂದು ಸಣ್ಣ ತರಲೆ ಉಳಿಯಿತು. ಲಿಫ್ಟು ಎಲ್ಲ ಕಡೆ ನಿಲ್ಲುತ್ತಿತ್ತು, ಮೂರನೇ ಮಹಡಿಯಲ್ಲಿ ಮಾತ್ರ ನಿಲ್ಲುತ್ತಿರಲಿಲ್ಲ. ಎಕ್ಸ್‌ಪ್ರೆಸ್ ಕೂರುತ್ತಿದ್ದುದು ಅದೇ ಮೂರನೇ ಮಹಡಿಯಲ್ಲಿ.

ಹಾಗಾಗಿ ಅವನು ಬರುತ್ತಲೇ ಇದ್ದ. ಬಂದಾಗಲೆಲ್ಲ ಅವಳ ಮೇಜಿನ ಬಳಿ ನೀರು ಕುಡಿಯಲು ನಿಲ್ಲುತ್ತಿದ್ದ.

“ಇವತ್ತಾದ್ರೂ ಸರಿಹೋಗುತ್ತಾ?” ಎಂದು ಅವಳು ಕೇಳುವಳು.

“ನೋಡ್ಬೇಕು ಮೇಡಂ. ಇದು ಸ್ವಲ್ಪ ಹಟಮಾರಿ ಲಿಫ್ಟು.”

ಮನೆಯಲ್ಲಿ ಅಮ್ಮ ಕೂಡ ಕೇಳತೊಡಗಿದ್ದರು. “ನಿಮ್ಮ ಲಿಫ್ಟು ಹೇಗಿದೆಯೇ?”

“ಲಿಫ್ಟು ಹೇಗಿದ್ರೆ ನಿಮಗೇನಮ್ಮ?”

“ಏನಿಲ್ಲ. ಅದು ಕೆಟ್ಟಾಗಿನಿಂದ ನೀನು ತಲೆ ನೀಟಾಗಿ ಬಾಚ್ಕೊಂಡು ಹೋಗ್ತಿದ್ದೀಯ, ಅದಕ್ಕೆ ಕೇಳಿದೆ.”

ಅವಳು ಮುಖ ತಿರುಗಿಸಿಕೊಂಡಳು. ಮುಖ ಕೆಂಪಾಗಿದ್ದು ಅಮ್ಮನಿಗೆ ಕಾಣದೇ ಹೋಗಲಿಲ್ಲ.

ಹೀಗಿರುವಾಗ ಒಂದು ಬೆಳಿಗ್ಗೆ ಹಳೇ ಕಚೇರಿಯಿಂದ ಬಂದ ಕಟ್ಟು ಬಿಚ್ಚಿದಳು. ಮೇಲಿನ ಫೈಲಿನ ಫೋಟೋದಿಂದ ಅವೇ ಎರಡು ಕಣ್ಣು ಅವಳನ್ನು ನೋಡುತ್ತಿದ್ದವು. ವೃತ್ತಿ: ಲಿಫ್ಟ್ ಮೆಕ್ಯಾನಿಕ್.

‘ಹೊರಟುಹೋಗ್ತಾನಾ? ದಿನಾ ನನ್ನ ಕೈಯಿಂದ ನೀರು ಕುಡಿದು, ಒಂದು ಮಾತು ಹೇಳಲಿಲ್ಲವಲ್ಲ...’

‘ಇನ್ನೊಂದು ದಾಖಲೆ ಬೇಕು’ ಎಂದು ಬರೆದರೆ ಸಾಕು, ಆರು ತಿಂಗಳು ಅವನು ಎಲ್ಲಿಗೂ ಹೋಗುತ್ತಿರಲಿಲ್ಲ. ಪೆನ್ನು ಎತ್ತಿಯೂ ಎತ್ತಿದಳು. ಆದರೆ ಅಂಥ ಸುಳ್ಳು ತೊಡಕುಗಳನ್ನು ಕಿತ್ತುಹಾಕಿ ಹೆಸರು ಮಾಡಿದವಳು ಅವಳೇ. ಕೈ ಬರಲಿಲ್ಲ.

ಪರಿಚಯದವರ ಫೈಲು ಮುಟ್ಟಬಾರದು ಎಂಬುದು ಅಲ್ಲಿನ ನಿಯಮ. ಎದ್ದು ಹೋಗಿ ಮೇಲಧಿಕಾರಿ ದೊಡ್ಡ ಮೇಡಂ ಮುಂದೆ ಇಟ್ಟಳು.

“ನನಗೆ ಗೊತ್ತಿರೋರು ಮೇಡಂ. ನೀವೇ ನೋಡಿ.”

“ಏನು ಸಂಬಂಧ?”

“ಇನ್ನೂ ಗೊತ್ತಿಲ್ಲ.”

ದೊಡ್ಡ ಮೇಡಂ ಕನ್ನಡಕ ಕೆಳಗಿಳಿಸಿದರು. “ಅಣ್ಣ, ತಮ್ಮ, ಗಂಡ, ಸ್ನೇಹಿತ ಅಂತೆಲ್ಲ ಕೇಳಿದೀನಿ. ‘ಇನ್ನೂ ಗೊತ್ತಿಲ್ಲ’ ಅನ್ನೋ ಸಂಬಂಧ ಇವತ್ತೇ ಕೇಳ್ತಿರೋದು. ಆಯ್ತು, ಹೋಗು.”

ಮೆಕ್ಯಾನಿಕ್‌ಗೆ ಸಂದರ್ಶನದ ಕರೆ ಹೋಯಿತು. ಮರುದಿನ ಅವನು ಮೆಟ್ಟಿಲಿನಲ್ಲಿ ಎದುರಾದಾಗ ಅವಳು ನಿಲ್ಲಲಿಲ್ಲ.

“ಮೇಡಂ, ಒಂದು ವಿಷಯ...”

“ಗೊತ್ತು. ಹೋಗೋರು ಸಂತೋಷವಾಗಿ ಹೋಗಿ. ಹೋಗೋಕೆ ಮುಂಚೆ ಲಿಫ್ಟೊಂದು ಸರಿ ಮಾಡಿ, ಸಾಕು.”

‘ನಾನು ತೊಲಗಿದರೆ ಸಾಕಾಗಿದೆ ಇವಳಿಗೆ’ ಎಂದುಕೊಂಡ ಅವನು ಪೆಚ್ಚಾಗಿ ನಿಂತ. ಇಬ್ಬರೂ ಆ ದಿನ ಊಟ ಮಾಡಲಿಲ್ಲ. ಬಾಯಿಬಿಟ್ಟು ಕೇಳಿದ್ದರೆ ಇಬ್ಬರ ಹೊಟ್ಟೆಯೂ ತುಂಬುತ್ತಿತ್ತು, ಏನು ಮಾಡುವುದು!

ಸಂದರ್ಶನದ ದಿನ ದೊಡ್ಡ ಮೇಡಂ ಲಿಫ್ಟಿನಲ್ಲಿ ನಾಲ್ಕನೇ ಮಹಡಿಗೆ ಹೋಗಿ, ಅಲ್ಲಿಂದ ಮಂಡಿ ಹಿಡಿದುಕೊಂಡು ಮೂರಕ್ಕೆ ಮೆಟ್ಟಿಲಿಳಿದು ಬಂದಿದ್ದರು. ಎದುರಿಗೆ ಕೂತವನನ್ನು ನೋಡಿ ಅವರಿಗೆ ಮೈ ಉರಿಯಿತು.

“ನೀನಾ? ಅನುಭವ ಇದೆ, ಪರೀಕ್ಷೆ ಪಾಸಾಗಿದೆ. ಆದ್ರೆ ನಿನ್ನನ್ನ ನುರಿತ ಕೆಲಸಗಾರ ಅಂತ ಹೇಗಪ್ಪಾ ಬರೀಲಿ? ನನ್ನ ಮಂಡಿ ಒಪ್ಪಬೇಕಲ್ಲ.”

ಪಕ್ಕದ ಮೇಜಿನಲ್ಲಿ ಎಕ್ಸ್‌ಪ್ರೆಸ್ ಒಂದೇ ಹಾಳೆಯನ್ನು ಮೂರನೇ ಸಲ ಓದುತ್ತಿದ್ದಳು.

ಅವನು ಎದ್ದ. “ಹತ್ತು ನಿಮಿಷ ಕೊಡಿ ಮೇಡಂ.”

ಹತ್ತು ನಿಮಿಷವೂ ಬೇಕಾಗಲಿಲ್ಲ. ಮೂರನೇ ಮಹಡಿಯಲ್ಲಿ ಟಿಂಗ್ ಎಂದಿತು. ಬಾಗಿಲು ತೆರೆಯಿತು. ಕೈಯಲ್ಲಿ ಸ್ಪ್ಯಾನರ್ ಹಿಡಿದು ಅವನು ಹೊರಬಂದ. ಇಡೀ ಆಫೀಸು ಕೆಲಸ ಬಿಟ್ಟು ನೋಡಿತು.

“ಇಷ್ಟೇನಾ? ಮತ್ತೆ ಇಷ್ಟು ದಿನ ಏನು ಮಾಡ್ತಿದ್ದೆ?” ದೊಡ್ಡ ಮೇಡಂ ಗದರಿದರು.

ಅವನು ತಲೆ ತಗ್ಗಿಸಿದ. “ಸರಿ ಮಾಡಿಬಿಟ್ಟಿದ್ರೆ, ಮತ್ತೆ ಇಲ್ಲಿಗೆ ಬರೋಕೆ ನನಗೇನು ನೆಪ ಇರ್ತಿತ್ತು ಮೇಡಂ? ನಿಮ್ಮ ಮಂಡಿ ವಿಷಯ ಗೊತ್ತಿರಲಿಲ್ಲ. ತಪ್ಪಾಯ್ತು.”

ಅವನ ನೋಟ ಎಲ್ಲಿ ಹೋಗಿ ನಿಂತಿತೆಂದು ಯಾರೂ ಹೇಳಬೇಕಾಗಿರಲಿಲ್ಲ.

ದೊಡ್ಡ ಮೇಡಂ ನಿಧಾನವಾಗಿ ಪಕ್ಕಕ್ಕೆ ತಿರುಗಿದರು. “ಏನಮ್ಮಾ, ‘ಇನ್ನೂ ಗೊತ್ತಿಲ್ಲ’ ಅಂದಿದ್ದೆಯಲ್ಲ, ಈಗ ಗೊತ್ತಾಯ್ತಾ?”

ಎಕ್ಸ್‌ಪ್ರೆಸ್‌ಗೆ ಕಣ್ಣು ತುಂಬಿತು, ನಗುವೂ ಬಂತು. ತಲೆಯಾಡಿಸಿದಳು.

ದೊಡ್ಡ ಮೇಡಂ ಮುದ್ರೆ ಒತ್ತಿದರು. “ಕೆಡಿಸೋದ್ರಲ್ಲೂ ನುರಿತವನು, ಸರಿ ಮಾಡೋದ್ರಲ್ಲೂ ನುರಿತವನು. ವೀಸಾ ಆಯ್ತು. ಹೋಗು, ನಿನ್ನ ಸಾಮಾನು ಎತ್ಕೋ.”

ಅವನು ಲಿಫ್ಟಿನೊಳಗೆ ಬಗ್ಗಿ ಸಾಮಾನು ಚೀಲಕ್ಕೆ ತುಂಬುತ್ತಿದ್ದಾಗ ಅವಳು ಒಳಗೆ ಬಂದಳು. ಬಾಗಿಲು ಮುಚ್ಚಿತು.

“ನನಗ್ಯಾಕೆ ಹೇಳಲಿಲ್ಲ?”

“ನಿಮ್ಮನ್ನ ನೋಡೋಕೆ ಮುಂಚೆ ಹಾಕಿದ್ದ ಅರ್ಜಿ ಅದು. ಹಳೇ ಆಫೀಸಲ್ಲಿ ಸತ್ತೇ ಹೋಗಿದೆ ಅಂದ್ಕೊಂಡಿದ್ದೆ. ನೀವು ಇಷ್ಟು ಬೇಗ ಎಬ್ಬಿಸ್ತೀರಿ ಅಂತ ಯಾರಿಗೆ ಗೊತ್ತಿತ್ತು?” ಅವನ ದನಿ ಸಣ್ಣಗಾಯಿತು. “ಬೇಡ ಅಂದುಬಿಡಿ, ಹೋಗಲ್ಲ.”

“ಆಸೆಪಟ್ಟು ಹಾಕಿದ ಅರ್ಜಿ. ಬೇಡ ಅನ್ನಲ್ಲ. ಆದ್ರೆ ಒಬ್ಬರೇ ಹೋಗಿ ಅಂತಾನೂ ಅನ್ನಲ್ಲ.”

ಅವನ ಕೈಯಿಂದ ಸ್ಪ್ಯಾನರ್ ಜಾರಿ ಬಿತ್ತು.

“ಹೆಂಡತಿ ಹೆಸರು ಸೇರಿಸೋಕೆ... ಎಷ್ಟು ದಿನ ಬೇಕಾಗುತ್ತೆ?”

“ನಮ್ಮಲ್ಲಾ? ಒಂದು ವಾರ. ಆದ್ರೆ ಆ ಫೈಲೂ ನಾನು ಮುಟ್ಟೋ ಹಾಗಿಲ್ಲ.”

“ಮತ್ತೆ ನಿಮ್ಮ ಕೆಲಸ?”

“ಗೊರಕೆ ಹೊಡೆಯೋ ಆಫೀಸು ಅಲ್ಲೂ ಒಂದಾದ್ರೂ ಇರುತ್ತೆ ಬಿಡಿ.”

ಲಿಫ್ಟು ಕೆಳಗೆ ಹೋಗಿ ಮತ್ತೆ ಮೇಲಕ್ಕೆ ಹೊರಟಿತು. ಗುಂಡಿಗಳ ಸಾಲಿನಲ್ಲಿ ಮೂರರ ದೀಪ ಹೊತ್ತಿಕೊಂಡಿತು. ಯಾರೋ ಅಲ್ಲಿ ಕಾಯುತ್ತಿದ್ದರು.

ಅವಳು ಅವನ ಗ್ರೀಸ್ ಕೈಯನ್ನು ಹಿಡಿದುಕೊಂಡಳು.

“ರೀ... ಇವತ್ತೊಂದು ದಿನ ಮೂರರಲ್ಲಿ ನಿಲ್ಲದ ಹಾಗೆ ಮಾಡೋಕಾಗುತ್ತಾ?”

“ಅದಕ್ಕೆ ಎರಡೂ ಕೈ ಬೇಕು ಮೇಡಂ. ಒಂದನ್ನ ನೀವು ಹಿಡ್ಕೊಂಡಿದ್ದೀರಿ.”

“ಹಾಗಾದ್ರೆ ನಿಲ್ಲಲಿ ಬಿಡಿ,” ಎಂದಳು ಅವಳು. ಕೈ ಬಿಡಲಿಲ್ಲ.