ರಿವ್ಯೂ ಮಾಡಲಾರೆ ಎಂದವನು

"ನನ್ನ ಕೋಡ್ ವಾಪಸ್ ಕಳಿಸಿದವ್ರು ನೀವೇನ್ರಿ? ಅದೂ ಹನ್ನೊಂದು ಸಲ!"

ಪುಣೆಯ ಬಾಣೇರ್‌ನ ಆ ಕಚೇರಿಯಲ್ಲಿ ಅನುಜಾ ಸಿಟ್ಟಿನ ಭರಕ್ಕೆ ಮರಾಠಿ ಮರೆತು ಧಾರವಾಡದ ಕನ್ನಡದಲ್ಲೇ ಕೇಳಿಬಿಟ್ಟಿದ್ದಳು.

ಹೊಸಬ ತಲೆಯೆತ್ತಿದ. "ಹನ್ನೊಂದಲ್ಲ, ಒಂಬತ್ತು. ಅರೆ… ಕನ್ನಡದವ್ರಾ ನೀವು?"

ಅವನು ಕುಶಲ, ಮೈಸೂರಿನವನು. ಒಂದು ಕಂಪ್ಯೂಟರಿನೊಳಗೆ ಇನ್ನೊಂದನ್ನು ನಡೆಸುವ ಸಾಫ್ಟ್‌ವೇರ್ ಅವರದು. ಒಳಗಿನ ಡಿಸ್ಕು, ಕೀಬೋರ್ಡುಗಳ ಕರೆಯನ್ನು ಪ್ರೊಸೆಸರಿಗೆ ಮುಟ್ಟಿಸುವ ಇಂಟರಪ್ಟ್ ಕಂಟ್ರೋಲರಿನ ಭಾಗವನ್ನು ಅನುಜಾ ಬರೆಯುತ್ತಿದ್ದಳು. ಕುಶಲ ಅದನ್ನು ಓದಿ ತಪ್ಪು ಹುಡುಕುತ್ತ ರಿವ್ಯೂ ಮಾಡುತ್ತಿದ್ದ.

ಮೂರು ತಿಂಗಳಲ್ಲಿ ಜಗಳ ಹೋಗಿ ದಿನವೂ ಜೊತೆಗೆ ಚಹಾ ಕುಡಿಯುವಷ್ಟು ಸಲಿಗೆ ಬೆಳೆಯಿತು.

ಆಗಲೇ ಒಳಗಿನ ಮಷಿನ್ ಇದ್ದಕ್ಕಿದ್ದಂತೆ ನಿಂತುಹೋಗತೊಡಗಿತು. ತಪ್ಪು ಹುಡುಕಲೆಂದು ಒಂದು ಸಾಲು ಸೇರಿಸಿದರೆ ಚೆನ್ನಾಗಿ ನಡೆಯುವುದು, ತೆಗೆದರೆ ನಿಲ್ಲುವುದು! ಅನುಜಾಗೆ ತಲೆಬುಡ ತಿಳಿಯಲಿಲ್ಲ.

ಅದೇ ವಾರ, ಧಾರವಾಡದ ಕಡೆಯವರೇ ಆದ ಮ್ಯಾನೇಜರ್ ನೀರಜಾ ಕರೆದು ಹೇಳಿದರು: "ನಿನ್ನ ಕೋಡ್ ಇನ್ನ ರಿವ್ಯೂ ಮಾಡೂದಿಲ್ಲ ಅಂತ ಕುಶಲ ಬರದುಕೊಟ್ಟಾನ ನೋಡು."

'ಅಷ್ಟು ಕೆಟ್ಟದಾಗಿ ಬರೀತೀನೇನು ನಾನು? ಹಂಗಾದ್ರ ನಿನ್ನೆ ಚಹಾ ಕುಡಿಯೋವಾಗ ನನ್ನನ್ಯಾಕ ಹಂಗ ನೋಡಿದ…?'

ಎರಡು ದಿನ ಅವಳು ಅವನತ್ತ ತಿರುಗಲಿಲ್ಲ. ಮೂರನೆಯ ದಿನ ಮಧ್ಯಾಹ್ನ ತಪ್ಪು ಸಿಕ್ಕಿತು. ಒಂದು ಕರೆ ಮುಗಿದ ಮೇಲೆ, ಡಿಸ್ಕು ಇನ್ನೂ ಕರೆಯುತ್ತಿದೆಯೇ ಎಂದು ಕಂಟ್ರೋಲರ್ ಮತ್ತೊಮ್ಮೆ ನೋಡಬೇಕಿತ್ತು. ಅದನ್ನೇ ಅವಳು ಬರೆದಿರಲಿಲ್ಲ. ಸೇರಿಸಿದ ಸಾಲಿನಿಂದ ಕೆಲಸ ತುಸು ನಿಧಾನವಾಗಿ ತಪ್ಪು ಮರೆಯಾಗುತ್ತಿತ್ತು, ಅಷ್ಟೇ.

ಆದರೆ ಆ ಕೋಡಿನ ಕೆಳಗೆ 'ಸರಿಯಿದೆ' ಎಂದು ಬರೆದು ಒಪ್ಪಿದ್ದವನು ಕುಶಲನೇ!

ಅವಳು ನೇರ ಅವನ ಮುಂದೆ ಹೋಗಿ ನಿಂತಳು. "ಸಣ್ಣ ಸಣ್ಣದೆಲ್ಲ ಹಿಡಿಯೋವ್ರು, ಇಷ್ಟು ದೊಡ್ಡ ತಪ್ಪು ಹೆಂಗ ಬಿಟ್ರಿ?"

ಕುಶಲನ ಮುಖ ಕೆಂಪಾಯಿತು. "ಎರಡು ಸಲ ಓದಿದ್ದೆ ಅನುಜಾ ಅವ್ರೇ… ಕಾಣಲೇ ಇಲ್ಲ. ಈಗೀಗ ನೀವು ಬರೆದದ್ದೆಲ್ಲ ನನಗೆ ಚೆನ್ನಾಗೇ ಕಾಣತ್ತೆ. ಮಷಿನ್ ನಿಲ್ಲೋಕೆ ಶುರುವಾದಾಗ ನನ್ನ ಮೇಲೇ ಅನುಮಾನ ಬಂತು. ಇಷ್ಟಪಟ್ಟೋರ ತಪ್ಪು ಹುಡುಕೋದು ನನ್ನ ಕೈಲಾಗಲ್ಲ, ಅದಕ್ಕೇ ಬಿಟ್ಟೆ."

ಸಿಟ್ಟಿನಿಂದ ಬಂದಿದ್ದ ಅನುಜಾ ಉಕ್ಕಿದ ನಗುವನ್ನು ತಡೆದುಕೊಂಡಳು.

"ನೀರಜಾ ಮೇಡಮ್ಮಿಗೆ ಬರದುಕೊಟ್ರಿ. ನನಗ್ಯಾಕ ಹೇಳಲಿಲ್ಲ?"

"ನೀವು ಇಲ್ಲ ಅಂದುಬಿಟ್ರೆ…?"

"ಮೊದಲ ಕೇಳಿದ್ರ ತಾನ ಹೂಂ, ಇಲ್ಲ ಅನ್ನೋದು!"

"ಈಗ ಕೇಳ್ತಿದೀನಿ."

ಅವಳ ಕಣ್ಣು ತುಂಬಿ ಬಂತು. "ಹೂಂ."

"ಏನಂದ್ರಿ?"

"ಹೂಂ ಅಂದೆ! ಇನ್ನ ಮ್ಯಾಲೆ 'ಅವ್ರೇ' ಅನ್ನೂದು ಬಿಡ್ರಿ."

"ಅನುಜಾ…" ಎಂದ ಅವನು, ಮೆಲ್ಲಗೆ.